ಪುಟ್ಟ ಎಂಜಿನ್ನಿಗೆ ಎಣ್ಣೆ ಮತ್ತು ಇಂಧನ ಬೆರೆಸುವಾಗ: ನನ್ನ ಅನುಭವ

ಬೆಂಗಳೂರಿನಲ್ಲಿ ನಾನು ಹಾರಿಸುವ ಮಾದರಿ ವಿಮಾನಗಳಿಗೆ ಎರಡು ಬಗೆಯ ಎಂಜಿನ್‌ಗಳನ್ನು ಬಳಸುತ್ತೇನೆ. ಒಂದು, ಈಥರ್ ಮತ್ತು ಸೀಮೆಎಣ್ಣೆಯಲ್ಲಿ ಓಡುವ, ಕಿಡಿಯಿಲ್ಲದೆ ಒತ್ತಡದ ಬಿಸಿಯಿಂದಲೇ ಇಂಧನ ಹೊತ್ತಿಕೊಳ್ಳುವ ಮಾದರಿ ಡೀಸೆಲ್. 1946ರಲ್ಲಿ ಇಂಗ್ಲೆಂಡಿನಲ್ಲಿ ಬಂದ ಮಿಲ್ಸ್ 1.3 ಎಂಜಿನ್ನಿನ ವಿನ್ಯಾಸವನ್ನು ಅನುಸರಿಸಿ ನಮ್ಮ ದೇಶದಲ್ಲೇ ತಯಾರಾದದ್ದು. ಇನ್ನೊಂದು ಮೆಥನಾಲಿನಲ್ಲಿ ಓಡುವ, ಕಾದು ಕೆಂಪಾದ ಸಣ್ಣ ತಂತಿಯಿಂದ ಇಂಧನ ಹೊತ್ತಿಕೊಳ್ಳುವ ಗ್ಲೋ ಎಂಜಿನ್. ಎರಡಕ್ಕೂ ಇಂಧನವನ್ನು ನಾನೇ ಬೆರೆಸುತ್ತೇನೆ, ಮತ್ತು ಎರಡರಲ್ಲೂ ಮೊದಲು ತೀರ್ಮಾನಿಸುವುದು ಎಣ್ಣೆಯನ್ನು. ಈ ಟೂ-ಸ್ಟ್ರೋಕ್ ಎಂಜಿನ್‌ಗಳಲ್ಲಿ ಪ್ರತ್ಯೇಕ ಎಣ್ಣೆಯ ತೊಟ್ಟಿ ಇರುವುದಿಲ್ಲವಾದ್ದರಿಂದ ಬೇರಿಂಗಿಗೂ ಪಿಸ್ಟನ್ನಿಗೂ ತಲುಪುವ ಎಣ್ಣೆಯೆಲ್ಲ ಇಂಧನದ ಜೊತೆಯಲ್ಲೇ ಬರಬೇಕು. ಇಂಧನದ ಹರಿವನ್ನು ಹೊಂದಿಸುವ ನೀಡಲ್ ವಾಲ್ವನ್ನು ಬಿಗಿಮಾಡಿ ಮಿಶ್ರಣವನ್ನು ತೆಳುಗೊಳಿಸಿದರೆ, ಅಂದರೆ ಗಾಳಿಗೆ ಹೋಲಿಸಿ ಇಂಧನವನ್ನು ಕಡಿಮೆ ಮಾಡಿದರೆ, ಎಂಜಿನ್ ಹೆಚ್ಚು ಬಿಸಿಯಾಗುವುದಷ್ಟೇ ಅಲ್ಲ, ಅದೇ ಹೊತ್ತಿನಲ್ಲಿ ಎಣ್ಣೆಯೂ ಕಡಿಮೆಯಾಗುತ್ತದೆ.

ಆ ಗಳಿಗೆಯನ್ನು ತಡೆದುಕೊಳ್ಳುವ ಗುಣ ಹರಳೆಣ್ಣೆಗಿದೆ. ಅದರ ಬಹುಪಾಲು ರಿಸಿನೋಲೆಯಿಕ್ ಆಮ್ಲ. ಆ ಅಣುವಿನಲ್ಲಿರುವ ಹೈಡ್ರಾಕ್ಸಿಲ್ ಗುಂಪಿನಿಂದಾಗಿ ಅದು ಮೆಥನಾಲಿನಲ್ಲಿ ಕರಗುತ್ತದೆ, ಲೋಹಕ್ಕೂ ಚೆನ್ನಾಗಿ ಅಂಟಿಕೊಳ್ಳುತ್ತದೆ. ಅತಿ ಬಿಸಿಯಲ್ಲಿ ಅದು ಸುಲಭವಾಗಿ ಆವಿಯಾಗಿ ಹೋಗದೆ ದಪ್ಪಗಾಗಿ ಪದರವಾಗಿ ನಿಲ್ಲುತ್ತದೆ. ಸಿಲಿಂಡರಿನ ಮೇಲೆ ಕಂದು ವಾರ್ನಿಷ್ ಕೂರುವುದು ಇದೇ ಗುಣದ ಇನ್ನೊಂದು ಮುಖ. ಆದರೆ ಎಲ್ಲ ಹರಳೆಣ್ಣೆಯೂ ಸಲ್ಲುವುದಿಲ್ಲ. ಹರಳನ್ನು ಹುರಿದು, ಕುಟ್ಟಿ, ನೀರಿನಲ್ಲಿ ಕುದಿಸಿ ತೆಗೆದ ಮನೆಯೆಣ್ಣೆ ಕೂಸಿನ ನೆತ್ತಿಗೆ ಎಷ್ಟೇ ಹಿತವಾಗಿರಲಿ, ಅದರಲ್ಲಿ ಉಳಿಯುವ ನೀರು ಮತ್ತು ಅಂಟು ಇಂಧನ ಚಿಮ್ಮುವ ಜೆಟ್ಟಿನ ಸಣ್ಣ ರಂಧ್ರಕ್ಕೆ ಹಿತವಲ್ಲ. ತಣ್ಣಗೆ ಹಿಂಡಿ, ಅಂಟು ತೆಗೆದು ಶುದ್ಧೀಕರಿಸಿದ, ಔಷಧ ದರ್ಜೆಯ ತಿಳಿ ಎಣ್ಣೆಯನ್ನೇ ನಾನು ಕೊಳ್ಳುತ್ತೇನೆ.

ಕಬ್ಬಿಣದ ಪಿಸ್ಟನ್, ಬುಷ್ ಬೇರಿಂಗ್ ಇರುವ ಹಳೆಯ ಎಂಜಿನ್ನಿಗೆ ಹರಳೆಣ್ಣೆಯೊಂದೇ ಸಾಕು. ಬಾಲ್ ಬೇರಿಂಗಿನ ಗ್ಲೋ ಎಂಜಿನ್ನಿಗೆ ಮಾತ್ರ ಒಟ್ಟು ಶೇ. 20ರಷ್ಟು ಎಣ್ಣೆಯಲ್ಲಿ ಅರ್ಧದಷ್ಟು ಪಾಲಿಆಲ್ಕಿಲೀನ್ ಗ್ಲೈಕಾಲ್ ಜಾತಿಯ ಸಿಂಥೆಟಿಕ್ (ಕೃತಕ) ಎಣ್ಣೆ ಬೆರೆಸುತ್ತೇನೆ. ಅದು ಎಂಜಿನ್ನನ್ನು ಸ್ವಚ್ಛವಾಗಿಡುತ್ತದೆ, ಆದರೆ ಮಿಶ್ರಣ ತೆಳುವಾದಾಗ ಅದನ್ನೊಂದನ್ನೇ ನಂಬುವ ಧೈರ್ಯ ನನಗಿಲ್ಲ. ಬೈಕಿನ ಟೂ-ಸ್ಟ್ರೋಕ್ ಎಣ್ಣೆಯನ್ನು ಹಾಕಬಹುದೇ ಎಂದು ಹೊಸಬರು ಕೇಳುವುದುಂಟು. ಗಾಜಿನ ಸೀಸೆಯೊಂದರಲ್ಲಿ ಮೆಥನಾಲಿಗೆ ಅದನ್ನು ಸುರಿದು ಕುಲುಕಿ, ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ನೋಡಿದರೆ ಉತ್ತರ ಸಿಗುತ್ತದೆ: ಎರಡೂ ಬೇರೆ ಬೇರೆಯಾಗಿ ನಿಂತಿರುತ್ತವೆ. ಯಾವ ಹೊಸ ಎಣ್ಣೆಯನ್ನಾದರೂ ನಾನು ಮೊದಲು ಈ ಸೀಸೆಯ ಪರೀಕ್ಷೆಗೆ ಒಡ್ಡುತ್ತೇನೆ.

ಡೀಸೆಲ್ ಎಂಜಿನ್ ಹೊಸದಾಗಿದ್ದಾಗ ಈಥರ್, ಸೀಮೆಎಣ್ಣೆ, ಹರಳೆಣ್ಣೆ ಮೂರನ್ನೂ ಸಮಪಾಲು ಹಾಕಿ ಪಳಗಿಸಿದೆ. ಪಳಗಿದ ಮೇಲೆ ಎಣ್ಣೆಯನ್ನು ಶೇ. 25ಕ್ಕೆ ಇಳಿಸಿ ಸೀಮೆಎಣ್ಣೆಯನ್ನು ಹೆಚ್ಚಿಸಿದೆ. ಈಥರ್ ಹೊತ್ತಿಸುವ ಕೆಲಸ ಮಾಡಿದರೆ ಶಕ್ತಿ ಬರುವುದು ಮುಖ್ಯವಾಗಿ ಸೀಮೆಎಣ್ಣೆಯಿಂದ. ಹರಳೆಣ್ಣೆ ಸೀಮೆಎಣ್ಣೆಯೊಂದಿಗೆ ಸರಿಯಾಗಿ ಬೆರೆಯದಿರುವುದರಿಂದ ಎರಡನ್ನೂ ಕೂಡಿಸಿಡುವುದೂ ಈಥರೇ. ಅದು ಸುಮಾರು 35 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕುದಿಯುವ ವಸ್ತುವಾದ್ದರಿಂದ ಕೊನೆಯಲ್ಲಿ ಸೇರಿಸಿ ಕೂಡಲೇ ಮುಚ್ಚಳ ಬಿಗಿಯುತ್ತೇನೆ.

ಇನ್ನು ಸೇರ್ಪಡೆಗಳು. ಎಂಜಿನ್ ತನ್ನ ತೊಂದರೆಯನ್ನು ತೋರಿಸಿದ ಮೇಲೆಯೇ ಇವುಗಳತ್ತ ಕೈ ಚಾಚುವುದು ನನ್ನ ರೂಢಿ. ಬಿಸಿಯಾದ ಡೀಸೆಲ್ ಎಂಜಿನ್ ವೇಗದಲ್ಲಿ ತಪ್ಪಿ ತಪ್ಪಿ ಹೊಡೆಯುತ್ತ, ಸಿಲಿಂಡರಿನೊಳಗಿನ ಒತ್ತಡವನ್ನು ಹೊಂದಿಸುವ ಕಂಪ್ರೆಷನ್ ತಿರುಪನ್ನು ಇನ್ನಷ್ಟು ಬಿಗಿಯಬೇಕೆನಿಸಿದರೆ ಅದಕ್ಕೆ ದಹನವರ್ಧಕ ಬೇಕು. ಹಳಬರು ಅಮೈಲ್ ನೈಟ್ರೇಟ್ ಬಳಸುತ್ತಿದ್ದರು; ನಾನು ಡೀಸೆಲ್ ವಾಹನಗಳ ಸೀಟೇನ್ ವರ್ಧಕವಾಗಿ (ಇಂಧನ ಬೇಗ ಹೊತ್ತಿಕೊಳ್ಳುವಂತೆ ಮಾಡಲು) ಬಳಕೆಯಲ್ಲಿರುವ 2-ಈಥೈಲ್‌ಹೆಕ್ಸೈಲ್ ನೈಟ್ರೇಟನ್ನು ಶೇ. 1ರಿಂದ 1.5ರಷ್ಟು ಹಾಕಿ, ತಿರುಪನ್ನು ಸ್ವಲ್ಪ ಸಡಿಲಿಸುತ್ತೇನೆ. ಶೇ. 2 ದಾಟಿಸಿದರೆ ಲಾಭ ಕಾಣುವುದಿಲ್ಲ. ದಹನ ಬೇಗನೆ ಶುರುವಾಗಿ ಕನೆಕ್ಟಿಂಗ್ ರಾಡಿನ ಮೇಲೆ ಹೊರೆ ಬೀಳುತ್ತದೆ.

ಗ್ಲೋ ಎಂಜಿನ್ನಿಗೆ ನೈಟ್ರೋಮೀಥೇನ್ ಹಾಕುವ ಆಸೆ ಎಲ್ಲರಿಗೂ ಇರುತ್ತದೆ. ಅದು ತನ್ನೊಳಗೇ ಆಮ್ಲಜನಕವನ್ನು ಹೊತ್ತಿರುವುದರಿಂದ ಒಂದು ಪಾಲಿಗೆ ತೂಕದಲ್ಲಿ ಕೇವಲ 1.7 ಪಾಲು ಗಾಳಿ ಸಾಕು. ಮೆಥನಾಲಿಗೆ ಸುಮಾರು 6.4 ಪಾಲು ಬೇಕು. ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನ ತೆಳುಗಾಳಿಯಲ್ಲಿ ಇದರಿಂದ ನೆರವಾಗುವುದು ನಿಜ, ನಿಧಾನಗತಿಯ ಓಟವೂ ಸಮವಾಗುತ್ತದೆ. ಆದರೆ ನಮ್ಮ ಹವೆ ಎಂಜಿನ್ ಸುಲಭವಾಗಿ ಸ್ಟಾರ್ಟ್ ಆಗುವಷ್ಟು ಬೆಚ್ಚಗಿರುತ್ತದೆ, ನೈಟ್ರೋ ದುಬಾರಿ, ಅದರ ದಹನಶೇಷ ಬೇರಿಂಗಿಗೆ ತುಕ್ಕು ಹಿಡಿಸುತ್ತದೆ. ಹೀಗಾಗಿ ನೈಟ್ರೋ ಇಲ್ಲದೆ, ಅಗಲ ಹೆಚ್ಚಿದ ಪ್ರೊಪೆಲ್ಲರ್ ಬದಲು ಕಿರಿದನ್ನು ಹಾಕಿಕೊಂಡು ಹಾರಿಸುತ್ತೇನೆ. ಟ್ಯಾಂಕಿನಲ್ಲಿ ನೊರೆ ಬಂದಾಗಲೂ ನೊರೆನಾಶಕ ಸಿಲಿಕೋನ್ ಹನಿಗಳಿಗಿಂತ ಮೊದಲು ಟ್ಯಾಂಕಿನ ಸುತ್ತ ಸ್ಪಂಜು ತುರುಕಿ ಕಂಪನವನ್ನು ತಗ್ಗಿಸುತ್ತೇನೆ.

ಮೆಥನಾಲ್ ಚರ್ಮದ ಮೂಲಕವೂ ಒಳಸೇರುವ ವಿಷ, ಅದರ ಜ್ವಾಲೆ ಹಗಲಿನಲ್ಲಿ ಕಣ್ಣಿಗೆ ಬೀಳುವುದಿಲ್ಲ. ಈಥರ್ ಬೆಳಕಿಗೆ, ಗಾಳಿಗೆ ತೆರೆದಿದ್ದರೆ ಸ್ಫೋಟಕ ಪೆರಾಕ್ಸೈಡ್ ಕಟ್ಟುತ್ತದೆ. ಕಪ್ಪು ಸೀಸೆ, ಕೈಗವಸು, ಬಯಲಿನಲ್ಲಿ ಬೆರೆಸುವುದು, ಬೇಕಾದಷ್ಟೇ ಬೆರೆಸುವುದು ಎಂಬ ನಿಯಮಗಳನ್ನು ನಾನು ಎಂದೂ ಸಡಿಲಿಸುವುದಿಲ್ಲ. ಇಂಧನದ ಕೊಳವೆಯನ್ನೂ ಎಂಜಿನ್ನಿಗೆ ತಕ್ಕಂತೆ ಆರಿಸಬೇಕು: ಗ್ಲೋ ಇಂಧನಕ್ಕೆ ಸಿಲಿಕೋನ್ ಸೊಗಸಾಗಿ ಒಗ್ಗುತ್ತದೆ, ಡೀಸೆಲ್ ಇಂಧನದಲ್ಲಿ ಅದೇ ಸಿಲಿಕೋನ್ ಉಬ್ಬಿ ಹಾಳಾಗುವುದರಿಂದ ಅಲ್ಲಿ ನಿಯೋಪ್ರೀನ್ ಕೊಳವೆ ಹಾಕುತ್ತೇನೆ.