ಹುತ್ತದ ಅಣಬೆ: ಮೊದಲು ಬುಡ ನೋಡಿ, ಆಮೇಲೆ ಬುಟ್ಟಿಗೆ ಹಾಕಿ

ಹುತ್ತದ ಅಣಬೆಯನ್ನು ನಾನು ಕತ್ತರಿಸಿ ತೆಗೆಯುವುದಿಲ್ಲ. ಮೊಂಡು ಕೋಲಿನಿಂದ ಸುತ್ತಲಿನ ಮಣ್ಣು ಸಡಿಲಿಸಿ, ದಂಟು ಹಿಡಿದು ನಿಧಾನಕ್ಕೆ ಎತ್ತುತ್ತೇನೆ. ದೊಡ್ಡ ಜಾತಿಯಾದರೆ ದಂಟಿನ ಕೆಳಗೆ ಬೇರಿನಂಥ ಉದ್ದನೆಯ ಬಾಲ ಗೆದ್ದಲಿನ ಗೂಡಿನತ್ತ ಇಳಿದಿರುತ್ತದೆ. ಗೂಡಿನವರೆಗೂ ಅಗೆಯಬಾರದು, ಅದು ಒಡೆದರೆ ಮುಂದಿನ ಮಳೆಗೆ ಅಲ್ಲಿ ಅಣಬೆ ಏಳುವ ಭರವಸೆಯಿಲ್ಲ. ಗುಂಪಾಗಿ ಏಳುವ ಪುಟ್ಟ ಜಾತಿಗೆ ಈ ಬಾಲವಿಲ್ಲ, ಅದನ್ನು ಬಲ್ಲವರ ಜೊತೆಗಿದ್ದೇ ಕೀಳಬೇಕು.

ಬುಡದಲ್ಲಿ ಚೀಲದಂಥ ಪೊರೆಯಿದ್ದರೆ ಅಲ್ಲೇ ಬಿಟ್ಟುಬಿಡುತ್ತೇನೆ. ಅದು ಪ್ರಾಣ ತೆಗೆಯುವ ವಿಷದ ಜಾತಿಗಳಿರುವ ಅಮಾನಿಟಾ ಅಣಬೆ ಇರಬಹುದು. ಮನೆಯಲ್ಲಿ ಒಂದು ಅಣಬೆಯ ಕೊಡೆಯನ್ನು ಅದರಡಿಯ ಪದರಗಳು ಕೆಳಗಾಗುವಂತೆ ಬಿಳಿ ಕಾಗದದ ಮೇಲಿಟ್ಟು, ಬಟ್ಟಲು ಮುಚ್ಚಿ ರಾತ್ರಿಯಿಡೀ ಇಡುತ್ತೇನೆ. ಉದುರಿದ ಪುಡಿ ತಿಳಿ ಗುಲಾಬಿ ಇರಬೇಕು. ಹಸಿರಾದರೆ ವಾಂತಿ-ಭೇದಿ ತರಿಸುವ ಕ್ಲೋರೊಫಿಲಮ್; ಅಮಾನಿಟಾದ ಪುಡಿ ಬಿಳಿ. ಗುಲಾಬಿ ಪುಡಿಯ ವಿಷದ ಅಣಬೆಗಳೂ ಇವೆ, ಹಾಗಾಗಿ ಬಾಲ, ಕೊಡೆಯ ನಡುವಿನ ಮೊನೆ, ದಂಟಿಗೆ ತಾಗದ ಪದರಗಳು ಎಲ್ಲವೂ ಕೂಡಿಬರಬೇಕು. ಬೆಳ್ಳಿ ಚಮಚ ಕಪ್ಪಾಗುವುದು, ಬೆಳ್ಳುಳ್ಳಿ ಬಣ್ಣ ಬದಲಿಸುವುದು, ಹುಳು ತಿಂದಿರುವುದು: ಈ ಪರೀಕ್ಷೆಗಳನ್ನು ದಯವಿಟ್ಟು ನಂಬಬೇಡಿ. ಅಮಾನಿಟಾದ ವಿಷ ಕುದಿಸಿದರೂ ಒಣಗಿಸಿದರೂ ಹೋಗುವುದಿಲ್ಲ.

ಅರಳಿದ ಅಣಬೆ ಒಂದೇ ದಿನದಲ್ಲಿ ಹುಳು ಹಿಡಿಯುತ್ತದೆ. ಪ್ಲಾಸ್ಟಿಕ್ ಚೀಲದಲ್ಲಂತೂ ಬೆವತು ಕೊಳೆಯುತ್ತದೆ, ಬುಟ್ಟಿಯೇ ಸರಿ. ಬಾಲದ ಮಣ್ಣು ಹೆರೆದು, ಬೇಗ ತೊಳೆದು, ಎಣ್ಣೆಯಿಲ್ಲದ ಬಾಣಲೆಗೆ ಹಾಕಿ ಬಿಟ್ಟ ನೀರು ಇಂಗುವವರೆಗೆ ಬೇಯಿಸುತ್ತೇನೆ, ಆಮೇಲೆ ಒಗ್ಗರಣೆ. ಮಿಕ್ಕದ್ದನ್ನು ಅರ್ಧ ಸೆಂಟಿಮೀಟರ್ ದಪ್ಪಕ್ಕೆ ಹೆಚ್ಚಿ, ಸುಮಾರು 50 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಚಟ್ಟೆಂದು ಮುರಿಯುವಷ್ಟು ಒಣಗಿಸಿದರೆ 1 ಕೆಜಿಗೆ ಸುಮಾರು 100 ಗ್ರಾಂ ಸಿಗುತ್ತದೆ. ಬಗ್ಗಿದರೆ ಇನ್ನೂ ಒಣಗಿಲ್ಲ, ಬೂಷ್ಟು ಬರುತ್ತದೆ.

ಮದ್ದಿನ ವಿಷಯಕ್ಕೆ ಬಂದರೆ, ಚೆಂಡಿನಂತೆ ದುಂಡಗಿರುವ ಪಫ್‌ಬಾಲ್ ಅಣಬೆ ಬಲಿತಾಗ ಅದರ ಪುಡಿಯನ್ನು ಗಾಯಕ್ಕೆ ಹಚ್ಚಿ ರಕ್ತ ನಿಲ್ಲಿಸುವ ಪದ್ಧತಿ ಹಲವು ನಾಡುಗಳಲ್ಲಿತ್ತು. ಆ ಪುಡಿ ಶುದ್ಧವಲ್ಲ, ಹೆಚ್ಚು ಉಸಿರಿಗೆಳೆದರೆ ಶ್ವಾಸಕೋಶ ಉರಿಯೂತವಾಗುತ್ತದೆ. ಎಳೆಯದನ್ನು ತಿನ್ನುವುದಾದರೆ ಉದ್ದಕ್ಕೆ ಸೀಳಿ ನೋಡುತ್ತೇನೆ: ಒಳಗೆಲ್ಲ ಅಚ್ಚ ಬಿಳಿ ಇರಬೇಕು. ಕೊಡೆಯ ಆಕಾರ ಕಂಡರೆ ಅದು ಅಮಾನಿಟಾ ಮೊಗ್ಗು.

ಪ್ರತಿ ಸಲವೂ ಒಂದು ಹಸಿ ಅಣಬೆಯನ್ನು ಬುಡಸಹಿತ ಕಾಗದದಲ್ಲಿ ಸುತ್ತಿ ಫ್ರಿಜ್‌ನಲ್ಲಿಡುತ್ತೇನೆ. ತಿಂದು 6 ಗಂಟೆಯ ಮೇಲೆ ವಾಂತಿ ಶುರುವಾದರೆ, ನಡುವೆ ಚೇತರಿಸಿದಂತೆ ಕಂಡರೂ ಕಾಯದೆ, ಅದನ್ನೂ ಹಿಡಿದುಕೊಂಡು ಆಸ್ಪತ್ರೆಗೆ ಓಡಬೇಕು.