ಮದ್ದೂರಿನ ರೈಲು ಕಥೆ ಕೂಡಿಡೋದು ಹೇಗೆ?

ನಮ್ಮೂರಿನ ಇತಿಹಾಸ ಅಂದ್ರೆ ಎಲ್ಲರೂ ವಡೆಯಿಂದಲೇ ಶುರು ಮಾಡುತ್ತಾರೆ. ಮಾಡಲಿ ಬಿಡಿ. 1917ರಲ್ಲಿ ರಾಮಚಂದ್ರ ಬುಧ್ಯ ಅವರು ಸ್ಟೇಷನ್‌ನಲ್ಲಿ ವಡೆ ಮಾರಲು ಶುರು ಮಾಡಿದರು ಎನ್ನುತ್ತಾರೆ. ಆದರೆ ಬೆಂಗಳೂರು-ಮೈಸೂರು ಹಳಿ ಇಲ್ಲಿಗೆ ಬಂದದ್ದು ಅದಕ್ಕೂ ಸುಮಾರು ಮೂರೂವರೆ ದಶಕ ಮೊದಲೇ. ಆ ಕಥೆ ಯಾರ ಹತ್ತಿರ ಇದೆ?

ಮೊದಲು ಹಿರಿಯರ ಹತ್ತಿರ ಹೋಗಿ. ನಾನು ಮಧ್ಯಾಹ್ನ ಊಟದ ಹೊತ್ತು ಬಿಟ್ಟು, ಸಂಜೆ ಕಾಫಿ ಹೊತ್ತಿಗೆ ಹೋಗುತ್ತೇನೆ. ಮಾತು ಜಾಸ್ತಿ ಬರುತ್ತೆ. "ಇತಿಹಾಸ ಹೇಳಿ" ಅನ್ನಬೇಡಿ, ಬಾಯಿ ಕಟ್ಟಿಬಿಡುತ್ತೆ. "ಮೀಟರ್ ಗೇಜ್ (ಹಳೇ ಕಿರಿದಾದ ಹಳಿಯ) ಗಾಡಿಯಲ್ಲಿ ಸೀಟು ಹೇಗೆ ಹಿಡೀತಿದ್ರಿ?" ಅಂತ ಕೇಳಿ. ಮೊಬೈಲ್ ರೆಕಾರ್ಡರ್ ಸಾಕು, ಫ್ಯಾನ್ ಮಾತ್ರ ಆರಿಸಿ. ಒಪ್ಪಿಗೆಯನ್ನೂ ಅದರಲ್ಲೇ ರೆಕಾರ್ಡ್ ಮಾಡಿಕೊಳ್ಳಿ. ವಡೆ ಹುಟ್ಟಿದ ಕಥೆ ಮನೆಗೊಂದು ಥರ ಇರುತ್ತೆ. ಎಲ್ಲವನ್ನೂ ಬರೆದಿಡಿ, ತಿದ್ದಬೇಡಿ. ಯಾರು, ಯಾವಾಗ ಹೇಳಿದ್ದು ಅನ್ನೋದು ಜೊತೆಗಿರಲಿ.

ಹಳೇ ಫೋಟೋಗಳನ್ನು ಮನೆಗೆ ಒಯ್ಯಬೇಡಿ, ಅಲ್ಲೇ ಸ್ಕ್ಯಾನ್ ಮಾಡಿ. ಸ್ಕ್ಯಾನಿನ ಸ್ಪಷ್ಟತೆ 600 ಡಿಪಿಐ (ಒಂದು ಇಂಚಿಗೆ 600 ಚುಕ್ಕಿ) ಇಡಿ. ಹಿಂಬದಿಯನ್ನೂ ಸ್ಕ್ಯಾನ್ ಮಾಡಿ. ಸ್ಟುಡಿಯೋ ಮುದ್ರೆ, ತಾರೀಕು ಇರೋದು ಅಲ್ಲೇ ಅಲ್ವಾ! ಫೈಲಿಗೆ ವರ್ಷ, ಜಾಗ ಸೇರಿಸಿ ಹೆಸರಿಡಿ. ಫೈಲಿನ ನಕಲು ಎರಡು ಕಡೆ ಇರಲಿ.

ಹಳೇ ಎಂಜಿನ್ ಹೇಗಿತ್ತು ಅಂತ ಮಕ್ಕಳಿಗೆ ತೋರಿಸಲು ಮೈಸೂರಿನ ರೈಲು ಮ್ಯೂಸಿಯಂಗೆ ಹೋಗಿ ಬನ್ನಿ. 1979ರಿಂದ ಇದೆ.

ಹಂಚಿಕೊಳ್ಳಲು ವಾಟ್ಸಾಪ್ ಒಂದನ್ನೇ ನಂಬಬೇಡಿ, ಅದು ಫೋಟೋ ಕುಗ್ಗಿಸುತ್ತೆ. ಫೋಟೋದ ಹಕ್ಕುಸ್ವಾಮ್ಯ ಇರುವವರು ಒಪ್ಪಿದರೆ, ಯಾರು ಬೇಕಾದರೂ ಬಳಸಬಹುದಾದ ಫೋಟೋಗಳ ತಾಣ ವಿಕಿಮೀಡಿಯ ಕಾಮನ್ಸ್‌ಗೆ ಹಾಕಿ. ರಾಜ್ಯೋತ್ಸವದ ದಿನ ಶಾಲೆಯಲ್ಲಿ ದಾರ ಕಟ್ಟಿ, ಪ್ರಿಂಟ್‌ಗಳನ್ನು ಕ್ಲಿಪ್ ಹಾಕಿ ನೇತುಹಾಕಿ. ಪಕ್ಕದಲ್ಲಿ ಪೆನ್ಸಿಲ್ ಇಡಿ, ನೋಡಿದವರೇ ಹೆಸರು ಗುರುತಿಸಿ ಬರೆಯುತ್ತಾರೆ.