ಎರಡು ಫಿಲ್ಟರ್, ಒಂದು ರೋಸೆಟ್

ಕಲಬುರಗಿಯ ಸೇಡಂ ರಸ್ತೆಯ ಬೆಳಕಿನಲ್ಲಿ ಮಾಮೂಲಿ ಬಣ್ಣದ ಫೋಟೋ ತೆಗೆದರೆ ಬರೀ ಮಬ್ಬು. ಅದಕ್ಕೇ ನಮ್ಮ ಮಾಳಿಗೆ ಮೇಲಿಂದ ರೋಸೆಟ್ ನೆಬ್ಯುಲಾವನ್ನು (ಆಕಾಶದಲ್ಲಿ ಹೊಳೆಯುವ ಅನಿಲದ ಮೋಡ) ಕಪ್ಪು-ಬಿಳುಪು ಕ್ಯಾಮೆರಾದಲ್ಲಿ ಎರಡೇ ಫಿಲ್ಟರ್ ಹಾಕಿ ತೆಗೆಯುತ್ತೇನೆ: 656.3 ನ್ಯಾನೋಮೀಟರಿನ ಹೈಡ್ರೋಜನ್ ಆಲ್ಫಾ, 500.7ರ ಆಕ್ಸಿಜನ್. ಒಂದೊಂದೂ ಆ ಅನಿಲ ಸೂಸುವ ಬಣ್ಣದ ಬೆಳಕನ್ನಷ್ಟೇ ಬಿಡುತ್ತದೆ, ಬೀದಿಯ ಬೆಳಕನ್ನು ಬಹುಪಾಲು ತಡೆಯುತ್ತದೆ.

ಮೊದಲು ಸಿರಿಲ್ ಎಂಬ ಖಗೋಳ ಚಿತ್ರಗಳ ಸಾಫ್ಟ್‌ವೇರ್‌ನಲ್ಲಿ ಎರಡೂ ಸ್ಟ್ಯಾಕ್‌ಗಳ (ಒಂದೊಂದು ಫಿಲ್ಟರಿನ ಹಲವು ಫೋಟೋ ಸೇರಿಸಿ ಮಾಡಿದ ಚಿತ್ರ) ನಕ್ಷತ್ರಗಳನ್ನು ಒಂದರ ಮೇಲೊಂದು ಕೂರಿಸಿ. ಅಂಚು ಕತ್ತರಿಸಿ, ಗ್ರೇಡಿಯಂಟ್, ಅಂದರೆ ಹಿನ್ನೆಲೆಯ ಏರುಪೇರಾದ ಬೆಳಕು, ತೆಗೆಯಿರಿ. ಆಮೇಲೆ ಲೀನಿಯರ್ ಮ್ಯಾಚ್, ಅಂದರೆ ಒಂದು ಚಿತ್ರದ ಬೆಳಕಿನ ಮಟ್ಟವನ್ನು ಇನ್ನೊಂದಕ್ಕೆ ಹೊಂದಿಸುವುದು; ಹೈಡ್ರೋಜನ್ ಚಿತ್ರವೇ ರೆಫರೆನ್ಸ್. ಇದನ್ನು ಬಿಟ್ಟರೆ ಇಡೀ ಚಿತ್ರ ಕೆಂಪೋ ಕೆಂಪು. ಆಕ್ಸಿಜನ್‌ನ ನಾಯ್ಸ್ (ಕಾಳು ಕಾಳು ಚುಕ್ಕೆ) ಕೂಡ ಇದರಿಂದ ಎದ್ದು ಬರುತ್ತದೆ, ಇರಲಿ ಬಿಡಿ.

ಈಗ ಬಣ್ಣದ ಚಿತ್ರದ ಮೂರು ಚಾನೆಲ್ ತುಂಬಬೇಕು: ಹೈಡ್ರೋಜನ್ ಕೆಂಪಿಗೆ, ಆಕ್ಸಿಜನ್ ನೀಲಿಗೆ. ಹಸಿರಿಗೂ ಸುಮ್ನೆ ಆಕ್ಸಿಜನ್ ಒಂದನ್ನೇ ಹಾಕುವವರು ಜಾಸ್ತಿ. ನಾನು ಪಿಕ್ಸೆಲ್ ಮ್ಯಾತ್‌ನಲ್ಲಿ (ಚಿತ್ರಗಳನ್ನು ಲೆಕ್ಕ ಹಾಕಿ ಬೆರೆಸುವ ಸಿರಿಲ್ ಸಾಧನ) 0.7 ಆಕ್ಸಿಜನ್, 0.3 ಹೈಡ್ರೋಜನ್ ಬೆರೆಸುತ್ತೇನೆ. ಕೆಂಪಿಗೆ ತುಸು ಕಿತ್ತಳೆ ಛಾಯೆ ಬರುತ್ತದೆ, ನಡುವಿನ ನೀಲಿ ಹಾಗೇ ಉಳಿಯುತ್ತದೆ. ಸ್ಟ್ರೆಚ್ ಮಾಡುವುದು, ಅಂದರೆ ಮಸುಕಾದ ಭಾಗಗಳು ಕಾಣುವಂತೆ ಬೆಳಗಿಸುವುದು, ಇದೆಲ್ಲ ಆದ ಮೇಲೆ.